ವಸಂತ ಮೊದಲು ಬಂದಿಳಿಯುವ ಮೂಲೆಗಳು: ಚಳಿ ಹಿಂಜರಿಯುವ ದಿನಗಳಲ್ಲಿ ಹೊಲ, ಕಾಡು, ಕೊಳಗಳ ಬಳಿ ಓಡಾಡುವ ಬಗೆ

ಚಳಿಗಾಲದಲ್ಲಿ ಹಿಮ ಬೀಳುವ ನಾಡುಗಳಲ್ಲಿ ವಸಂತ ಎಂದಿನಿಂದ ಶುರು ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಹವಾಮಾನ ಶಾಸ್ತ್ರಜ್ಞರು ಲೆಕ್ಕದ ಅನುಕೂಲಕ್ಕಾಗಿ ಉತ್ತರಾರ್ಧಗೋಳದಲ್ಲಿ ಅದನ್ನು ಮಾರ್ಚ್ 1ರಿಂದ ಎಣಿಸುತ್ತಾರೆ. ಖಗೋಳದ ಲೆಕ್ಕದಲ್ಲಿ ಅದು ಹಗಲಿರುಳುಗಳು ಹೆಚ್ಚುಕಡಿಮೆ ಸಮವಾಗುವ, ಮಾರ್ಚ್ 20ರ ಆಸುಪಾಸಿನ ದಿನ. ಹೊಲದ ಬದುವಿನ ಮೇಲೆ ನಿಂತು ನೋಡುವವರಿಗೆ ಮಾತ್ರ ಈ ಎರಡು ತಾರೀಖುಗಳಿಂದಲೂ ಅಂಥ ಪ್ರಯೋಜನವಿಲ್ಲ. ವಸಂತ ಒಂದು ಬೆಳಿಗ್ಗೆ ಇಡೀ ಸೀಮೆಗೆ ಒಮ್ಮೆಗೇ ಬಂದುಬಿಡುವುದಿಲ್ಲ. ಕೆಲವು ಮೂಲೆಗಳಲ್ಲಿ ಅದು ವಾರಗಳ ಮೊದಲೇ ಕಾಲಿಟ್ಟಿರುತ್ತದೆ, ಅಲ್ಲಿಂದ ಕೂಗಳತೆಯ ದೂರದಲ್ಲೇ ಚಳಿಗಾಲ ಇನ್ನೂ ಜಾಗ ಬಿಟ್ಟಿರುವುದಿಲ್ಲ. ಹಾಗಾಗಿ ಹೊರಗೆ ಹೊರಡುವ ಮುನ್ನ ‘ವಸಂತ ಬಂತೇ’ ಎಂದು ಕೇಳಿಕೊಳ್ಳುವುದಕ್ಕಿಂತ ‘ಎಲ್ಲಿಯವರೆಗೆ ಬಂದಿದೆ’ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ. ಈ ಬರಹ ಆ ಎರಡನೆಯ ಪ್ರಶ್ನೆಗೆ ಕಾಲ್ನಡಿಗೆಯಲ್ಲಿ ಉತ್ತರ ಹುಡುಕುವುದನ್ನು ಕುರಿತದ್ದು.

ಮೂಲೆಗಳನ್ನು ಗುರುತಿಸುವುದು

ಚಳಿಗಾಲ ಮುಗಿಯುವ ಹೊತ್ತಿಗೆ ಉತ್ತರದ ನಾಡುಗಳಲ್ಲಿ ಸೂರ್ಯ ಇನ್ನೂ ದಕ್ಷಿಣದ ಬಾನಿನಲ್ಲಿ ತಗ್ಗಾಗಿಯೇ ಸಾಗುತ್ತಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನ ಮೇಲೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ. ಉತ್ತರಕ್ಕೆ ಮುಖಮಾಡಿದ ಇಳಿಜಾರಿಗೆ ಸಿಗುವುದು ಓರೆ ಬಿಸಿಲು, ಕೆಲವೆಡೆ ಅದೂ ಇಲ್ಲ. ಒಂದೇ ಗುಡ್ಡದ ಒಂದು ಮಗ್ಗುಲಲ್ಲಿ ಹುಲ್ಲು ಹಸುರೇರಿ ಹೂವು ತಲೆಯೆತ್ತಿರುವಾಗ ಇನ್ನೊಂದು ಮಗ್ಗುಲಲ್ಲಿ ಹಳೆಯ ಹಿಮ ಹೆಪ್ಪುಗಟ್ಟಿ ಕೂತಿರುವುದು ಅಪರೂಪದ ನೋಟವೇನಲ್ಲ. ದಕ್ಷಿಣಾರ್ಧಗೋಳದಲ್ಲಿರುವವರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಬೇಕು: ಅಲ್ಲಿ ಈ ಕಾಲ ಬರುವುದು ಸೆಪ್ಟೆಂಬರಿನಲ್ಲಿ, ಬಿಸಿಲು ಬೀಳುವುದು ಉತ್ತರದ ಮಗ್ಗುಲಿಗೆ.

ಗುಡ್ಡವೇ ಬೇಕೆಂದಿಲ್ಲ. ಬಿಸಿಲಿಗೆ ಎದುರಾದ ಕಲ್ಲುಗೋಡೆಯ ಬುಡ, ಗಾಳಿಗೆ ಮರೆಯಾದ ಬೇಲಿಯ ಸಾಲು, ರಸ್ತೆಬದಿಯ ಚರಂಡಿಯ ದಂಡೆ, ಹಿಮದ ನಡುವೆ ಮರದ ಕಾಂಡದ ಸುತ್ತ ಬಟ್ಟಲಿನಂತೆ ಕರಗಿದ ಜಾಗ, ಇವೆಲ್ಲ ವಸಂತದ ಮೊದಲ ಠಾಣೆಗಳು. ಮರದ ಬುಡದಲ್ಲಿ ಹಿಮ ಬೇಗ ಕರಗುವುದಕ್ಕೆ ಕಾರಣ ಸರಳವಾದದ್ದು. ಕಪ್ಪು ತೊಗಟೆ ಬಿಸಿಲನ್ನು ಹೀರಿ ಕಾವೇರುತ್ತದೆ, ಆ ಕಾವು ಸುತ್ತಲಿನ ಹಿಮಕ್ಕೆ ತಟ್ಟುತ್ತದೆ. ಇದಕ್ಕೆ ವಿರುದ್ಧವಾಗಿ, ತಣ್ಣನೆಯ ಗಾಳಿ ಭಾರವಾದ್ದರಿಂದ ರಾತ್ರಿಯ ಹೊತ್ತು ಇಳಿದು ತಗ್ಗಿನಲ್ಲಿ ತಂಗುತ್ತದೆ. ನೋಡುವುದಕ್ಕೆ ಬೆಚ್ಚಗಿರಬೇಕೆನಿಸುವ ಕಣಿವೆಯ ತಳದಲ್ಲಿ ಹೂವುಗಳು ತಡವಾಗುವುದೂ, ಅದೇ ಕಣಿವೆಯ ನಡುಮಟ್ಟದ ಇಳಿಜಾರಿನಲ್ಲಿ ಮೊದಲೇ ಅರಳುವುದೂ ಇದರಿಂದಲೇ.

ಎತ್ತರದ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಂಡರೆ ಓಡಾಟಕ್ಕೆ ತುಂಬ ಅನುಕೂಲ. ಅಮೆರಿಕದ ಕೀಟಶಾಸ್ತ್ರಜ್ಞ ಆಂಡ್ರ್ಯೂ ಡೆಲ್ಮಾರ್ ಹಾಪ್ಕಿನ್ಸ್ 1918ರಲ್ಲಿ ಒಂದು ಸ್ಥೂಲ ನಿಯಮವನ್ನು ಮುಂದಿಟ್ಟರು. ಉತ್ತರ ಅಮೆರಿಕದ ಸಮಶೀತೋಷ್ಣ ಭಾಗಗಳಲ್ಲಿ ಉತ್ತರಕ್ಕೆ ಒಂದು ಡಿಗ್ರಿ ಅಕ್ಷಾಂಶ ಸರಿದಂತೆ, ಅಥವಾ ಸುಮಾರು 120 ಮೀಟರು ಮೇಲೇರಿದಂತೆ, ವಸಂತದ ಘಟನೆಗಳು ನಾಲ್ಕು ದಿನ ತಡವಾಗುತ್ತವೆ ಎಂಬುದು ಅದರ ಸಾರಾಂಶ. ಎಲ್ಲ ಕಡೆಗೂ ಇದು ಕರಾರುವಾಕ್ಕಾಗಿ ಒಪ್ಪುವುದಿಲ್ಲವಾದರೂ ಅಂದಾಜಿಗೆ ಚೆನ್ನಾಗಿಯೇ ಒದಗುತ್ತದೆ. ತಗ್ಗಿನ ಕಾಡಿನಲ್ಲಿ ಹೂವಿನ ಕಾಲ ನಿಮ್ಮ ಕೈತಪ್ಪಿ ಹೋಯಿತೆನ್ನಿ. ಮುನ್ನೂರು ಮೀಟರು ಮೇಲಿರುವ ಕಾಡಿನಲ್ಲಿ ಅದೇ ಹೂವನ್ನು ಕಾಣಲು ಇನ್ನೂ ಸುಮಾರು ಹತ್ತು ದಿನಗಳ ಅವಕಾಶ ಇದ್ದೀತು. ತಗ್ಗಿನಿಂದ ಎತ್ತರಕ್ಕೆ ಹಂತಹಂತವಾಗಿ ಸಾಗುವವರು ಒಂದೇ ವಸಂತವನ್ನು ಎರಡು ಮೂರು ಸಲ ಕಾಣಬಹುದು.

ಜಾಗ ಆಯ್ದುಕೊಳ್ಳುವಾಗ ಹೆಸರಾಂತ ಹೂವಿನ ತಾಣಗಳಿಗಿಂತ ಮನೆಯಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಒಂದೆರಡು ಕಿಲೋಮೀಟರಿನ ಹಾದಿಯೇ ಮೇಲೆಂದು ನನ್ನ ಅಭಿಪ್ರಾಯ. ಆ ಹಾದಿಯಲ್ಲಿ ಒಂದಿಷ್ಟು ಇಳಿಜಾರು, ಒಂದಿಷ್ಟು ಮರ, ಎಲ್ಲಾದರೂ ನಿಂತ ನೀರು ಇದ್ದರೆ ಸಾಕು. ದೂರದ ತಾಣಕ್ಕೆ ಹೋದವರು ಆ ಒಂದು ದಿನ ಅಲ್ಲಿ ಏನಿತ್ತೋ ಅಷ್ಟನ್ನೇ ನೋಡುತ್ತಾರೆ. ಹತ್ತಿರದ ಹಾದಿಯಲ್ಲಿ ಮೂರು ನಾಲ್ಕು ದಿನಗಳಿಗೊಮ್ಮೆ ನಡೆಯುವವರಿಗೆ ಮಾತ್ರ ಹಿಂದಿನ ಸಲ ಇಲ್ಲದ್ದು ಈ ಸಲ ಏನು ಬಂದಿದೆ ಎಂಬುದು ತಿಳಿಯುತ್ತದೆ, ಮುಂಚಿನ ವಸಂತದ ರುಚಿ ಇರುವುದೂ ಆ ವ್ಯತ್ಯಾಸದಲ್ಲಿಯೇ.

ಹೊತ್ತು ನೋಡಿ ಹೊರಡುವುದು

ಬೆಳಿಗ್ಗೆ ಬೇಗನೆ ಎದ್ದು ಹೂ ನೋಡಲು ಹೋಗಿ ನಿರಾಶರಾಗಿ ಮರಳುವವರು ಬಹಳ. ಕ್ರೋಕಸ್ ಹೂವಿನ ದಳಗಳು ತೆರೆದು ಮುಚ್ಚುವುದು ಮುಖ್ಯವಾಗಿ ಶಾಖವನ್ನು ಅನುಸರಿಸಿ. ದಳದ ಒಳಮೈ ಮತ್ತು ಹೊರಮೈಗಳ ಬೆಳವಣಿಗೆಯ ವೇಗ ಬೇರೆಬೇರೆಯಾಗುವುದರಿಂದ ಬೆಚ್ಚಗಾದಾಗ ಹೂವು ಬಿಚ್ಚಿಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ವುಡ್ ಅನಿಮೊನಿ, ಲೆಸರ್ ಸೆಲಂಡೈನ್ ಮುಂತಾದ ಕಾಡುಹೂಗಳೂ ರಾತ್ರಿ ಮತ್ತು ಮೋಡದ ಹೊತ್ತು ಮುದುಡಿಕೊಂಡೇ ಇರುತ್ತವೆ. ಆದ್ದರಿಂದ ಹೂವು, ಚಿಟ್ಟೆ, ದುಂಬಿಗಳಿಗೆ ಹನ್ನೊಂದರಿಂದ ಮೂರರವರೆಗಿನ ಬಿಸಿಲ ಹೊತ್ತನ್ನು ಮೀಸಲಿಡಿ. ಹಕ್ಕಿಗಳಿಗೆ ಸೂರ್ಯೋದಯಕ್ಕಿಂತ ಅರ್ಧ ಮುಕ್ಕಾಲು ಗಂಟೆ ಮುಂಚಿತವಾಗಿಯೇ ಜಾಗ ಸೇರಿರಬೇಕು. ಕಪ್ಪೆಗಳಿಗೆ ಮುಸ್ಸಂಜೆಯಾದ ಮೇಲೆ, ಅದರಲ್ಲೂ ಮಳೆ ಹನಿಯುವ ಸಂಜೆ ಒಳ್ಳೆಯದು.

ಹಗಲು ಬೆಳೆಯುವ ವೇಗ ವರ್ಷದಲ್ಲೇ ಅತಿ ಹೆಚ್ಚಾಗಿರುವುದು ಈ ಸಮರಾತ್ರಿಯ ಆಸುಪಾಸಿನಲ್ಲಿ. 50 ಡಿಗ್ರಿ ಅಕ್ಷಾಂಶದಲ್ಲಿ ಒಂದೊಂದು ದಿನಕ್ಕೂ ಮೂರೂವರೆ ನಿಮಿಷಕ್ಕಿಂತ ಹೆಚ್ಚು ಬೆಳಕು ಸೇರುತ್ತ ಹೋಗುತ್ತದೆ, ಅಂದರೆ ವಾರ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಕಳೆದ ವಾರದ ವೇಳಾಪಟ್ಟಿಯನ್ನೇ ಇಟ್ಟುಕೊಂಡು ಹೋದರೆ ಹಕ್ಕಿಗಳ ಹಾಡು ಆಗಲೇ ಶುರುವಾಗಿರುತ್ತದೆ.

ಬೋಳು ರೆಂಬೆಯನ್ನು ಹತ್ತಿರದಿಂದ ನೋಡುವುದು

ಎಲೆಯಿಲ್ಲದ ಮರವನ್ನು ಸತ್ತಂತಿದೆ ಎಂದು ದಾಟಿ ಹೋಗುವುದು ವಾಡಿಕೆ. ಒಂದು ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಕಣ್ಣಿನ ಮಟ್ಟದಲ್ಲಿರುವ ಒಂದೇ ಒಂದು ರೆಂಬೆಯ ಬಳಿ ಐದು ನಿಮಿಷ ನಿಂತರೆ ಆ ಅಭಿಪ್ರಾಯ ಉಳಿಯದು. ಮುಂದಿನ ಎಲೆ, ಹೂವುಗಳೆಲ್ಲ ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡು ಮೊಗ್ಗಿನೊಳಗೆ ಮಡಿಸಿಟ್ಟಂತೆ ಇರುತ್ತವೆ. ಹಾರ್ಸ್ ಚೆಸ್ಟ್‌ನಟ್ ಮರದ ಮೊಗ್ಗು ದಪ್ಪ, ಕಂದು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆ ಅಂಟು ಮೊಗ್ಗಿನ ಹೊರಪದರಗಳನ್ನು ಬಿಗಿದಿಟ್ಟಿರುತ್ತದೆ. ಮೊಗ್ಗಿನ ಕೆಳಗೆ ಕಳೆದ ವರ್ಷದ ಎಲೆ ಉದುರಿದ ಗುರುತಿದೆ. ಅದು ಲಾಳದ ಆಕಾರದಲ್ಲಿದ್ದು, ಅಂಚಿನುದ್ದಕ್ಕೂ ಮೊಳೆ ಹೊಡೆದಂತೆ ಚುಕ್ಕಿಗಳಿರುತ್ತವೆ. ಎಲೆಗೆ ನೀರು, ಆಹಾರ ಸಾಗಿಸುತ್ತಿದ್ದ ನಾಳಗಳು ಕಡಿದುಹೋದ ಜಾಗಗಳೇ ಆ ಚುಕ್ಕಿಗಳು. ಬೀಚ್ ಮರದ ಮೊಗ್ಗು ಉದ್ದ, ತೆಳು, ಚೂಪು. ಯುರೋಪಿನ ಆ್ಯಶ್ ಮರದ್ದು ಇದ್ದಿಲಿನಷ್ಟು ಕಪ್ಪು. ಎಲೆ ಬಾರದಿದ್ದರೂ ಮರದ ಗುರುತು ಹತ್ತುವುದು ಹೀಗೆ.

ಹೇಝಲ್ ಗಿಡದ ಬಳಿ ಇನ್ನಷ್ಟು ಹೊತ್ತು ನಿಲ್ಲಿ. ಅದರ ರೆಂಬೆಯಿಂದ ತೂಗುವ ಹಳದಿ ಗೊಂಡೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅವು ಗಂಡುಹೂಗಳ ಗೊಂಚಲು. ಹೆಣ್ಣುಹೂವನ್ನು ಕಂಡವರು ಕಡಿಮೆ. ಅದೇ ರೆಂಬೆಯಲ್ಲಿ ಸಾಮಾನ್ಯ ಮೊಗ್ಗಿನಂತೆಯೇ ಕಾಣುವ ಒಂದು ಉಬ್ಬಿನ ತುದಿಯಿಂದ ಕೆಲವೇ ಮಿಲಿಮೀಟರು ಉದ್ದದ ಕಡುಗೆಂಪು ಎಳೆಗಳು ಹೊರಚಾಚಿರುತ್ತವೆ, ಅಷ್ಟೇ ಅದರ ಹೂವು. ಗೊಂಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಹಳದಿ ಹೊಗೆಯಾಗಿ ಗಾಳಿಯಲ್ಲಿ ತೇಲುತ್ತದೆ. ಗಾಳಿಯನ್ನು ನಂಬಿದ ಈ ಗಿಡ ಎಲೆ ಬರುವ ಮುಂಚೆಯೇ ಹೂ ಬಿಡುವುದರಲ್ಲಿ ಜಾಣತನವಿದೆ. ಎಲೆ ತುಂಬಿದ ಮೇಲೆ ಪರಾಗ ಹೂವನ್ನು ಮುಟ್ಟುವ ಮುನ್ನ ಎಲೆಗಳಿಗೇ ಮೆತ್ತಿಕೊಂಡು ವ್ಯರ್ಥವಾಗುತ್ತಿತ್ತು. ವಿಲೋ ಮರದ ರೇಷ್ಮೆಯಂಥ ಬೂದುಗೊಂಡೆಗಳ ಕಥೆ ಬೇರೆ. ಅವುಗಳಲ್ಲಿ ಪರಾಗದ ಜೊತೆಗೆ ಮಕರಂದವೂ ಇರುವುದರಿಂದ ನಿದ್ದೆಯಿಂದೆದ್ದ ದುಂಬಿಗಳಿಗೆ ಆ ದಿನಗಳಲ್ಲಿ ಅವೇ ಊಟದ ಮನೆ. ಹೂಬಿಟ್ಟ ವಿಲೋ ಮರವೊಂದು ಸಿಕ್ಕಿದರೆ ಬೇರೆಲ್ಲೂ ಅಲೆಯದೆ ಅಲ್ಲೇ ನಿಂತು ಕೀಟಗಳನ್ನು ನೋಡಬಹುದು.

ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಮರಗಳೇಕೆ ಮೋಸಹೋಗುವುದಿಲ್ಲ ಎಂಬುದಕ್ಕೂ ಉತ್ತರವಿದೆ. ಸೇಬು, ಚೆರಿಯಂಥ ಅನೇಕ ಮರಗಳ ಮೊಗ್ಗುಗಳಿಗೆ ಮೊದಲು ಒಂದು ಪ್ರಮಾಣದ ಚಳಿ ಸಲ್ಲಬೇಕು; ಹಣ್ಣಿನ ತೋಟದವರು ಅದನ್ನು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಳೆದ ಗಂಟೆಗಳಲ್ಲಿ ಅಳೆಯುತ್ತಾರೆ. ಆ ಲೆಕ್ಕ ತೀರಿದ ಮೇಲಷ್ಟೇ ಮರ ಬೆಚ್ಚನೆಯ ದಿನಗಳನ್ನು ಗಣನೆಗೆ ತೆಗೆದುಕೊಳ್ಳುತ್ತದೆ.

ಹಿಮವನ್ನೇ ಕಾಣದ ಬಿಸಿ ನಾಡುಗಳಲ್ಲಿ ವಸಂತದ ಮುನ್ಸೂಚನೆ ಬೇರೆ ಬಗೆಯದು. ಅಲ್ಲಿ ಮರ ಎಲೆ ಉದುರಿಸುವುದು ಹೆಚ್ಚಾಗಿ ನೀರಿನ ಕೊರತೆಯಿಂದ. ಮುತ್ತುಗ, ಬೂರುಗಗಳು ಬೋಳು ರೆಂಬೆಗಳಲ್ಲೇ ಕೆಂಪಾಗಿ ಹೂವು ತುಂಬಿಕೊಂಡು ದೂರದಿಂದಲೇ ಹಕ್ಕಿಗಳನ್ನು ಕರೆಯುತ್ತವೆ. ಮಳೆ ಬರಲು ತಿಂಗಳುಗಳಿರುವಾಗಲೇ ಎಷ್ಟೋ ಮರಗಳು ಆಳದ ಬೇರು ಮತ್ತು ಕಾಂಡದಲ್ಲಿ ಉಳಿದ ತೇವವನ್ನು ನೆಚ್ಚಿ ಚಿಗುರುತ್ತವೆ. ಅಂಥ ಕಡೆ ಬಿಸಿಲ ಮೂಲೆಗಿಂತ ಹಳ್ಳದ ದಂಡೆಯ ತಂಪು ಮೂಲೆಯನ್ನು ಹುಡುಕಬೇಕು, ನಡಿಗೆಯನ್ನು ಬೆಳಗಿನ ಒಂಬತ್ತರೊಳಗೆ ಮುಗಿಸಬೇಕು. ಹೂಬಿಟ್ಟ ಬೂರುಗದ ಕೆಳಗೆ ಬೆಳಿಗ್ಗೆ ಅರ್ಧ ಗಂಟೆ ಕೂತರೆ ಮೈನಾ, ಪಿಕಳಾರ, ಕಾಗೆಗಳು ಮಕರಂದಕ್ಕೆ ಕಿತ್ತಾಡುವುದು ಸಾಕಷ್ಟು ಕಾಣಸಿಗುತ್ತದೆ.

ತರಗೆಲೆಯ ನೆಲ

ಎಲೆ ಉದುರಿಸುವ ಕಾಡಿನ ನೆಲಕ್ಕೆ ವರ್ಷದಲ್ಲಿ ನೆರಳಿಲ್ಲದ ಬಿಸಿಲು, ಅದೂ ಕಾವುಳ್ಳ ಬಿಸಿಲು, ದಕ್ಕುವುದು ಕೆಲವೇ ವಾರ: ಹಿಮ ಕರಗಿದ ಮೇಲೆ, ಮರಗಳ ಎಲೆ ಕೂಡಿ ಚಪ್ಪರವಾಗುವ ಮುಂಚೆ. ಆ ಕಿರು ಅವಧಿಯಲ್ಲಿಯೇ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದುದನ್ನು ಗಡ್ಡೆಯಲ್ಲಿ ಕೂಡಿಟ್ಟು ಮರೆಯಾಗುವ ಗಿಡಗಳ ಒಂದು ವರ್ಗವೇ ಇದೆ. ಸ್ನೋಡ್ರಾಪ್, ವುಡ್ ಅನಿಮೊನಿ, ಉತ್ತರ ಅಮೆರಿಕದ ಸ್ಪ್ರಿಂಗ್ ಬ್ಯೂಟಿ ಇಂಥವು. ಇವುಗಳನ್ನು ನೋಡಲು ಬಾಗಿದರೆ ಸಾಲದು, ಮೊಣಕಾಲೂರಿ ಕೂರಬೇಕು. ಅದಕ್ಕಾಗಿ ನೀರು ಹೀರದ ಒಂದು ಸಣ್ಣ ಚಾಪೆಯನ್ನು ಚೀಲದಲ್ಲಿಟ್ಟುಕೊಳ್ಳುವುದು ದುಬಾರಿ ಸಲಕರಣೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ ಜೌಗುಗಳಲ್ಲಿ ಸ್ಕಂಕ್ ಕ್ಯಾಬೇಜ್ ಎಂಬ ಗಿಡವಿದೆ. ತನ್ನ ಹೂಗೊಂಚಲಿನಲ್ಲಿ ತಾನೇ ಶಾಖ ಹುಟ್ಟಿಸಿ ಸುತ್ತಲ ಹಿಮವನ್ನು ಕರಗಿಸಿಕೊಂಡು ಅದು ಮೇಲೆ ಬರುತ್ತದೆ. ಹತ್ತಿರ ಹೋಗಿ ಮೂಸಿದವರಿಗೆ ಹೆಸರಿನ ಕಾರಣ ಗೊತ್ತಾಗುತ್ತದೆ.

ವಯೊಲೆಟ್, ಟ್ರಿಲಿಯಮ್ ಮುಂತಾದವುಗಳ ಬೀಜಕ್ಕೆ ಎಣ್ಣೆಯಂಶವುಳ್ಳ ಒಂದು ಸಣ್ಣ ತುಣುಕು ಅಂಟಿರುತ್ತದೆ. ಇರುವೆಗಳು ಅದಕ್ಕಾಗಿ ಬೀಜವನ್ನು ಗೂಡಿಗೆ ಹೊತ್ತೊಯ್ದು, ತುಣುಕನ್ನು ತಿಂದು, ಬೀಜವನ್ನು ಬಿಸಾಡುತ್ತವೆ. ಬೀಜ ಅಲ್ಲಿಯೇ ಮೊಳೆಯುತ್ತದೆ. ಇರುವೆಯ ಹೆಜ್ಜೆಯಲ್ಲಿ ಹರಡುವ ಹೂವಿನ ಹಾಸು ಅಗಲವಾಗಲು ಬಹಳ ಕಾಲ ಬೇಕು, ಅದೂ ಅಲ್ಲದೆ ಟ್ರಿಲಿಯಮ್ ಬೀಜ ಬಿದ್ದ ಮೇಲೆ ಮೊದಲ ಹೂ ಬಿಡಲು ಸಾಮಾನ್ಯವಾಗಿ ಏಳು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಕಾಡುಹೂವನ್ನು ಕೀಳಬಾರದು, ಹಾಸಿನ ನಡುವೆ ಕಾಲಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಬಿಸಿಲಿಗೆ ಒಡ್ಡಿದ ತರಗೆಲೆಯ ಮೇಲೆ ರೆಕ್ಕೆ ಹರಡಿ ಕೂತ ಚಿಟ್ಟೆ ಕಂಡರೆ ಅದು ಈಚೆಗೆ ಹುಟ್ಟಿದ್ದಲ್ಲದಿರಬಹುದು. ಬ್ರಿಮ್‌ಸ್ಟೋನ್, ಪೀಕಾಕ್, ಮೋರ್ನಿಂಗ್ ಕ್ಲೋಕ್ ಮುಂತಾದವು ಬೆಳೆದ ಚಿಟ್ಟೆಗಳಾಗಿಯೇ ಇಡೀ ಚಳಿಗಾಲವನ್ನು ಎಲೆಮರೆಯಲ್ಲೋ ತೊಗಟೆಯ ಬಿರುಕಿನಲ್ಲೋ ಕಳೆದು ಹೊರಬಂದಿರುತ್ತವೆ. ಹರಿದ, ಮಾಸಿದ ರೆಕ್ಕೆಯಂಚು ಅವುಗಳ ವಯಸ್ಸನ್ನು ಹೇಳುತ್ತದೆ. ನೆಲದಿಂದ ಗೇಣೆರಡು ಗೇಣು ಮೇಲೆ ಓರೆಕೋರೆಯಾಗಿ ಹಾರುತ್ತ ಪ್ರತಿಯೊಂದು ಬಿಲದ ಬಾಯಲ್ಲೂ ಇಣುಕುವ ದೊಡ್ಡ ದುಂಬಿ ಕಂಡರೆ ಅದು ರಾಣಿ, ಗೂಡಿಗೆ ಇಲಿಬಿಲದಂಥ ಜಾಗ ಹುಡುಕುತ್ತಿದೆ. ತಣ್ಣನೆಯ ಬೆಳಿಗ್ಗೆ ಹಾರುವ ಮೊದಲು ಅದು ತನ್ನ ಹಾರಾಟದ ಸ್ನಾಯುಗಳನ್ನು ಅದುರಿಸಿ ಮೈಯನ್ನು ಸುಮಾರು 30 ಡಿಗ್ರಿಯವರೆಗೆ ಕಾಯಿಸಿಕೊಳ್ಳುತ್ತದೆ. ಅಲುಗದೆ ಕೂತ ದುಂಬಿಯನ್ನು ಸತ್ತಿದೆಯೆಂದು ಎತ್ತಿ ಎಸೆಯದಿರಿ.

ನೀರಿನ ಅಂಚು, ಕಿವಿಯ ಕೆಲಸ

ಬೇಸಿಗೆಯಲ್ಲಿ ಬತ್ತಿಹೋಗುವಂಥ ಆಳವಿಲ್ಲದ ಹೊಂಡಗಳೇ ಕಪ್ಪೆಗಳಿಗೆ ಇಷ್ಟ, ಏಕೆಂದರೆ ಅಂಥ ಕಡೆ ಮೊಟ್ಟೆ ತಿನ್ನುವ ಮೀನುಗಳಿರುವುದಿಲ್ಲ. ಮಳೆ ಬಂದ, ಅಷ್ಟೇನೂ ಕೊರೆಯದ ರಾತ್ರಿಗಳಲ್ಲಿ ಅವು ಕಾಡಿನಿಂದ ಸಾಲುಸಾಲಾಗಿ ನೀರಿನತ್ತ ಹೊರಡುತ್ತವೆ. ಉತ್ತರ ಅಮೆರಿಕದ ವುಡ್ ಫ್ರಾಗ್ ಎಂಬ ಕಪ್ಪೆ ಚಳಿಗಾಲದಲ್ಲಿ ತರಗೆಲೆಯ ಕೆಳಗೆ ಮೈಯ ನೀರಿನ ಅರ್ಧಕ್ಕೂ ಹೆಚ್ಚು ಭಾಗ ಮಂಜುಗಟ್ಟಿ, ಹೃದಯದ ಬಡಿತವೂ ನಿಂತು ಮಲಗಿರುತ್ತದೆ, ಕರಗಿದ ಮೇಲೆ ಎದ್ದು ಬಂದು ಬಾತುಕೋಳಿಯನ್ನು ಹೋಲುವ ದನಿಯಲ್ಲಿ ಕೂಗುತ್ತದೆ. ಯುರೋಪಿನ ಸಾಮಾನ್ಯ ಕಪ್ಪೆಯ ಮೊಟ್ಟೆಗಳು ಲೋಳೆಯ ಮುದ್ದೆಯಾಗಿಯೂ, ಅಲ್ಲಿಯ ನೆಲಗಪ್ಪೆಯ ಮೊಟ್ಟೆಗಳು ಜಲಸಸ್ಯಗಳಿಗೆ ಸುತ್ತಿಕೊಂಡ ಉದ್ದ ಸರವಾಗಿಯೂ ಇರುವುದರಿಂದ ಯಾವುದು ಬಂದುಹೋಗಿದೆ ಎಂದು ಹಗಲಿನಲ್ಲೂ ಹೇಳಬಹುದು. ಹೊಂಡದ ಬಳಿ ಹೋಗುವಾಗ ಎಲ್ಲ ಸದ್ದು ನಿಂತುಬಿಡುತ್ತದೆ. ಟಾರ್ಚು ಆರಿಸಿ, ಹತ್ತು ನಿಮಿಷ ಕದಲದೆ ಕೂತರೆ ಒಂದೊಂದೇ ದನಿ ಮತ್ತೆ ಶುರುವಾಗುತ್ತದೆ. ಮೊಟ್ಟೆಯನ್ನು ಸೀಸೆಯಲ್ಲಿ ತುಂಬಿ ಬೇರೆ ಕೊಳಕ್ಕೆ ಬಿಡುವ ಉಪಕಾರ ಬೇಡ, ನೀರಿನೊಂದಿಗೆ ಕಪ್ಪೆಗಳ ರೋಗಗಳೂ ಸಾಗುತ್ತವೆ.

ಹಕ್ಕಿಗಳ ಹಾಡಿಗೆ ಮುಖ್ಯ ಪ್ರಚೋದನೆ ಬೆಳೆಯುವ ಹಗಲು. ಹಾಗಾಗಿ ಹಿಮ ಬೀಳುತ್ತಿದ್ದರೂ ಹಾಡು ಶುರುವಾಗಿರುತ್ತದೆ. ಕಲಿಯುವವರಿಗೆ ಇದರಷ್ಟು ಅನುಕೂಲದ ಕಾಲ ಮತ್ತೊಂದಿಲ್ಲ, ಏಕೆಂದರೆ ವಲಸೆಯ ಹಾಡುಗಾರರು ಇನ್ನೂ ಪೂರ್ತಿ ಬಂದಿಲ್ಲದ್ದರಿಂದ ದನಿಗಳು ಕಡಿಮೆ, ಎಲೆಯಿಲ್ಲದ್ದರಿಂದ ಹಾಡುವ ಹಕ್ಕಿ ಕಣ್ಣಿಗೂ ಬೀಳುತ್ತದೆ. ಮರಕುಟಿಗ ಟೊಳ್ಳು ರೆಂಬೆಯ ಮೇಲೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಪೆಟ್ಟಿನಂತೆ ಬಾರಿಸುವುದು ಹುಳುವಿಗಾಗಿ ಅಲ್ಲ, ತನ್ನ ಸೀಮೆಯನ್ನು ಸಾರಲು ಮತ್ತು ಜೊತೆಗಾತಿಯನ್ನು ಕರೆಯಲು. ಆಹಾರಕ್ಕಾಗಿ ಕುಕ್ಕುವ ಸದ್ದು ಅಷ್ಟು ಸಮವಾಗಿರುವುದಿಲ್ಲ. ವಾರಕ್ಕೆ ಎರಡು ದನಿ ಗುರುತಿಟ್ಟುಕೊಂಡರೂ ಬಹಳವಾಯಿತು.

ಉಡುಪು, ಕೆಸರು, ಅಪಾಯ

ಮಧ್ಯಾಹ್ನದ ಬಿಸಿಲು ನಂಬಿ ತೆಳ್ಳಗೆ ಉಡುಪು ತೊಡುವುದು ಈ ಕಾಲದ ದೊಡ್ಡ ಅಪಾಯ. ಮೈ ಒದ್ದೆಯಾಗಿ ಗಾಳಿ ಬೀಸಿದರೆ, ಶಾಖ ಸೊನ್ನೆಗಿಂತ ಸಾಕಷ್ಟು ಮೇಲಿದ್ದರೂ ಮೈಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಲ್ಲದು. ಒಂದು ದಪ್ಪ ಕೋಟಿನ ಬದಲು ತೆಗೆದು ಹಾಕಬಹುದಾದ ಮೂರು ಪದರ ಇರಲಿ. ಮೈಗೆ ತಾಗುವ ಪದರ ಹತ್ತಿಯದಾಗದೆ ಉಣ್ಣೆಯದೋ ಬೇಗ ಒಣಗುವ ಸಿಂಥೆಟಿಕ್‌ನದೋ ಆಗಿರಲಿ, ಹೊರಪದರ ಗಾಳಿ ಮಳೆಗಳನ್ನು ತಡೆಯುವಂಥದ್ದಿರಲಿ. ಒಣ ಕಾಲುಚೀಲದ ಇನ್ನೊಂದು ಜೊತೆ ಚೀಲದಲ್ಲಿರಬೇಕು. ಕೆಸರಿಗೆ ಎತ್ತರದ ಬೂಟು ತೊಟ್ಟು ಹಾದಿಯ ನಡುವೆಯೇ ನಡೆಯಬೇಕು. ಕೆಸರು ತಪ್ಪಿಸಲು ಪ್ರತಿಯೊಬ್ಬರೂ ಅಂಚಿಗೆ ಸರಿದರೆ ಹಾದಿ ವರ್ಷ ವರ್ಷ ಅಗಲವಾಗಿ, ಮೊದಲು ಹೇಳಿದ ಅಂಚಿನ ಹೂಗಳೇ ಕಾಲಡಿಗೆ ಬೀಳುತ್ತವೆ.

ಕೊಳದ ಮೇಲೆ ಉಳಿದ ಮಂಜುಗಡ್ಡೆ ಎಷ್ಟೇ ದಪ್ಪ ಕಂಡರೂ ಅದರ ಮೇಲೆ ಕಾಲಿಡಬೇಡಿ. ವಸಂತದ ಬಿಸಿಲು ಅದನ್ನು ಒಳಗಿನಿಂದಲೇ ಸಡಿಲಗೊಳಿಸಿರುತ್ತದೆ. ಹಿಮ ಕರಗಿ ತುಂಬುವ ತೊರೆಗಳಲ್ಲಿ ನೀರು ಮಧ್ಯಾಹ್ನದ ನಂತರ ಏರುತ್ತದೆ, ನಸುಕಿನಲ್ಲಿ ಇಳಿದಿರುತ್ತದೆ. ಆದ್ದರಿಂದ ಬೆಳಿಗ್ಗೆ ಸುಲಭವಾಗಿ ದಾಟಿದ ತೊರೆ ಮರಳುವಾಗಲೂ ಹಾಗೆಯೇ ಇರುತ್ತದೆಂದು ಎಣಿಸಬಾರದು. ಉಣ್ಣಿಗಳು ಕೆಲವು ಡಿಗ್ರಿ ಬೆಚ್ಚಗಾದರೂ ಚುರುಕಾಗುತ್ತವೆ, ಅನೇಕ ಕಡೆ ಲೈಮ್ ರೋಗವನ್ನೂ ಹರಡುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಮನೆಗೆ ಬಂದು ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಹರಡುವ ಕೆಂಪು ಗುರುತೋ ಜ್ವರವೋ ಕಂಡರೆ ವೈದ್ಯರಲ್ಲಿ ಹೋಗಬೇಕು.

ಎಳೆಯ ಸೊಪ್ಪನ್ನು ಕಿತ್ತು ತಿನ್ನುವ ಆಸೆ ಈ ಕಾಲದಲ್ಲಿ ಹುಟ್ಟುವುದು ಸಹಜ. ಆದರೆ ಕಾಡುಬೆಳ್ಳುಳ್ಳಿಯ ಎಲೆಯನ್ನು ವಿಷಕಾರಿಯಾದ ಲಿಲಿ ಆಫ್ ದ ವ್ಯಾಲಿಯ ಎಲೆಯಿಂದ ಬೇರ್ಪಡಿಸಲು ಬಾರದವರು ಆಸೆಯನ್ನು ಅದುಮಿಕೊಳ್ಳುವುದೇ ಲೇಸು. ಕುರಿಗಳು ಮರಿ ಹಾಕುವ ಕಾಲವೂ ಇದೇ ಆದ್ದರಿಂದ ಹುಲ್ಲುಗಾವಲಿನ ಬಳಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು, ತೆರೆದಿದ್ದ ಗೇಟನ್ನು ತೆರೆದಂತೆ, ಮುಚ್ಚಿದ್ದನ್ನು ಮುಚ್ಚಿದಂತೆ ಬಿಡಬೇಕು. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮೊಲದ ಮರಿ ಅನಾಥವಲ್ಲ. ತಾಯಿ ದೂರವಿದ್ದು ಹೊತ್ತಿಗೆ ಸರಿಯಾಗಿ ಬಂದು ಹಾಲೂಡಿಸಿ ಹೋಗುತ್ತದೆ.

ಬರೆದಿಡುವುದು

ಇಂಗ್ಲೆಂಡಿನ ನಾರ್ಫೋಕ್‌ನ ರಾಬರ್ಟ್ ಮಾರ್ಶಮ್ 1736ರಲ್ಲಿ ತಮ್ಮ ಎಸ್ಟೇಟಿನಲ್ಲಿ ಮೊದಲ ಸ್ನೋಡ್ರಾಪ್, ಮೊದಲ ಎಲೆ, ಮೊದಲ ಕಪ್ಪೆಕೂಗುಗಳ ತಾರೀಖುಗಳನ್ನು ಗುರುತಿಡಲು ಶುರುಮಾಡಿದರು; ಅವರ ಮನೆತನದವರು ಅದನ್ನು 1958ರವರೆಗೂ ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರಿ ಹೂವಿನ ಕಾಲದ ದಾಖಲೆಗಳು 9ನೆಯ ಶತಮಾನದಷ್ಟು ಹಿಂದಿನಿಂದ ಸಿಗುತ್ತವೆ. ಹವೆ ಬಿಸಿಯಾಗುತ್ತಿರುವುದಕ್ಕೆ ಮರಗಿಡಗಳು ಹೇಗೆ ಸ್ಪಂದಿಸುತ್ತಿವೆ ಎಂದು ತಿಳಿಯಲು ವಿಜ್ಞಾನಿಗಳು ಇಂದು ಇಂಥ ದಾಖಲೆಗಳನ್ನೇ ತಿರುವಿಹಾಕುತ್ತಾರೆ.

ನಿಮ್ಮ ಪುಸ್ತಕ ಅಷ್ಟು ವಿಸ್ತಾರವಾಗಬೇಕಿಲ್ಲ. ತಾರೀಖು, ಹೊತ್ತು, ಶಾಖ, ಜಾಗ, ಕಂಡದ್ದು ಇಷ್ಟೇ ಬರೆಯಿರಿ. ಜಾಗವನ್ನು ಮಾತ್ರ ‘ಕಾಡಿನಲ್ಲಿ’ ಎನ್ನದೆ ‘ಸೇತುವೆಯಾಚೆಯ ಗೋಡೆಯ ದಕ್ಷಿಣ ಬುಡ’ ಎಂಬಷ್ಟು ಖಚಿತವಾಗಿ ಬರೆಯಿರಿ. ‘ಮೊಗ್ಗು ಒಡೆಯಿತು’ ಎಂದರೆ ಏನೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಹೊರಪದರಗಳ ನಡುವೆ ಹಸುರು ಕಂಡ ದಿನವೋ, ಎಲೆ ಪೂರ್ತಿ ಬಿಚ್ಚಿದ ದಿನವೋ ಎಂಬುದು ಸ್ಪಷ್ಟವಿಲ್ಲದಿದ್ದರೆ ಎರಡು ವರ್ಷಗಳನ್ನು ಹೋಲಿಸಲಾಗದು. ನೋಡಲು ಹೋಗಿ ಏನೂ ಕಾಣದ ದಿನವನ್ನೂ ದಾಖಲಿಸಬೇಕು, ಹೂವು ಅರಳಿದ್ದು ಎಂದಿನಿಂದ ಎಂದಿನೊಳಗೆ ಎಂದು ಹೇಳಲು ಬರುವುದು ಅದರಿಂದಲೇ. ಒಂದೇ ರೆಂಬೆಗೆ ಬಣ್ಣದ ದಾರ ಕಟ್ಟಿ, ಅದೇ ಕೋನದಿಂದ ಪ್ರತಿ ಸಲ ಒಂದು ಫೋಟೋ ತೆಗೆಯುವುದೂ ಒಳ್ಳೆಯ ರೂಢಿ. ಎಲೆ ಬಿಚ್ಚಿದ ಮೇಲೆ ದಾರವನ್ನು ಸಡಿಲಿಸಲು ಮರೆಯಬಾರದು, ಇಲ್ಲವಾದರೆ ರೆಂಬೆ ದಪ್ಪವಾದಂತೆ ಅದು ತೊಗಟೆಯೊಳಗೆ ಇಳಿಯುತ್ತದೆ. ತಲೆಯೆತ್ತಿದಾಗ ಎಲೆಗಳ ನಡುವೆ ಕಾಣುವ ಬಾನು ಅರ್ಧಕ್ಕಿಂತ ಕಡಿಮೆಯಾಯಿತೆಂದರೆ ಮುಂಚಿನ ವಸಂತದ ಪುಟವನ್ನು ಅಲ್ಲಿಗೆ ಮುಗಿಸಿ, ಮೇಲಿನ ಬೆಟ್ಟಕ್ಕೆ ಹೊಸ ಪುಟ ತೆರೆಯಬಹುದು.